ಹಳೆಯ ಅಂಗಡಿ, ಹೊಸ ತಂತ್ರಜ್ಞಾನ: ಹಣ ಹಾಕುವ ಮುನ್ನ ಮಾಡಬೇಕಾದ ಕೆಲಸಗಳು

ಇಪ್ಪತ್ತು, ಮೂವತ್ತು ವರ್ಷಗಳಿಂದ ನಡೆದುಕೊಂಡು ಬಂದ ಜವಳಿ ಅಂಗಡಿ, ಹೋಟೆಲು, ಹಾರ್ಡ್‌ವೇರ್ ಮಳಿಗೆಗಳ ಯಜಮಾನರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ವ್ಯಾಪಾರಕ್ಕೇನೂ ತೊಂದರೆಯಿಲ್ಲ, ಗಿರಾಕಿಗಳೆಲ್ಲ ಹಳಬರು. ಆದರೆ ಚಾಟ್‌ಬಾಟ್ ಹಾಕಿಸಿ, ಆ್ಯಪ್ ಮಾಡಿಸಿ, ಎಐ ಕನ್ನಡಿ ತರಿಸಿ ಎಂದು ವಾರಕ್ಕೊಬ್ಬರು ಬಂದು ಕೂರುತ್ತಾರೆ. ಮನೆಯಲ್ಲಿ ಮಕ್ಕಳೂ ಅದನ್ನೇ ಹೇಳುತ್ತಾರೆ. ಹಣ ಹಾಕಬೇಕೇ, ಬೇಡವೇ?"

ಹಾಕಬೇಕು ಎಂದೇ ನನ್ನ ಉತ್ತರ. ಆದರೆ ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಮಾರಲು ಬಂದವರು ತೀರ್ಮಾನಿಸಬಾರದು. ಅದಕ್ಕೆ ನಾನು ಹಿಡಿಯುವ ಅಳತೆಗೋಲು ಇಷ್ಟೇ: ಗಿರಾಕಿಯ ಕೈಯಲ್ಲಿ ಈಗಾಗಲೇ ಇರುವ ಸಾಧನಕ್ಕೆ ಹೊಂದುವ ತಂತ್ರಜ್ಞಾನವಾದರೆ ತಡ ಮಾಡಬೇಡಿ. ಗಿರಾಕಿ ಹೊಸದಾಗಿ ಏನನ್ನಾದರೂ ಇಳಿಸಿಕೊಳ್ಳಬೇಕು, ಕೊಳ್ಳಬೇಕು, ಕಲಿಯಬೇಕು ಎನ್ನುವಂಥದ್ದಾದರೆ ಆತುರ ಪಡಬೇಡಿ.

ಯುಪಿಐ ಬಂದದ್ದು 2016ರಲ್ಲಿ. ಗಿರಾಕಿಯ ಜೇಬಿನಲ್ಲಿ ಮೊಬೈಲ್ ಇತ್ತು, ಬ್ಯಾಂಕ್ ಖಾತೆಯಿತ್ತು. ಅಂಗಡಿಯವರು ಒಂದು ಕ್ಯೂಆರ್ ಚೀಟಿ ಅಂಟಿಸಿದ್ದೇ ತಡ, ಎಳನೀರು ಮಾರುವವರವರೆಗೂ ಅದು ಹಬ್ಬಿತು. 2022ರ ನವೆಂಬರ್‌ನಲ್ಲಿ ನಮ್ಮ ಮೆಟ್ರೊ ವಾಟ್ಸ್ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಕೊಡಲು ಆರಂಭಿಸಿತು. ಮೆಟ್ರೊದ್ದೇ ಆದ ಆ್ಯಪ್ ಇದ್ದರೂ, ಅದನ್ನು ಇಳಿಸಿಕೊಳ್ಳದ ಪ್ರಯಾಣಿಕರಿಗೂ ದಾರಿ ಸಿಕ್ಕಿತು. ಹೊಸತನ್ನು ದೂರವಿಟ್ಟವರ ಕಥೆಯೂ ನಮ್ಮ ನಾಡಿನಲ್ಲೇ ಇದೆ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರದ ತಂತ್ರಜ್ಞಾನ ಬೆಂಗಳೂರಿನ ಎಚ್‌ಎಂಟಿಗೆ ಗೊತ್ತಿರಲಿಲ್ಲ ಎಂದಲ್ಲ, ತಯಾರಿಸಿಯೂ ಇತ್ತು. ಆದರೂ ಒತ್ತು ಕೀಲಿ ಕೊಡುವ ಗಡಿಯಾರದ ಮೇಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟಾನ್ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿ ಕ್ವಾರ್ಟ್ಜ್ ಅನ್ನೇ ನೆಚ್ಚಿಕೊಂಡಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರಣಗಳು ಹಲವು, ಸರ್ಕಾರಿ ಸಂಸ್ಥೆಯ ಕಟ್ಟುಪಾಡುಗಳೂ ಅದರಲ್ಲಿವೆ. ಆದರೆ ತಂತ್ರಜ್ಞಾನ ಕೈಯಲ್ಲಿದ್ದ ಮಾತ್ರಕ್ಕೆ ಗಿರಾಕಿ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಈಗ ಕೆಲಸಕ್ಕೆ ಬರೋಣ.

ಮೊದಲು ಕೈಯಲ್ಲಿರಬೇಕಾದವು

ಇನ್ನೂರು ಪುಟದ ಒಂದು ನೋಟ್‌ಬುಕ್. ಹಿಂದಿನ ಹನ್ನೆರಡು ತಿಂಗಳ ಮಾರಾಟದ ತಿಂಗಳುವಾರು ಮೊತ್ತ. ನಿಮ್ಮ ಲೆಕ್ಕಪರಿಶೋಧಕರ ಒಂದು ಗಂಟೆಯ ಸಮಯ. ಇವೆಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸವನ್ನು ತನ್ನದೆಂದು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ. ವಾರಾಂತ್ಯಕ್ಕೆ ಊರಿಗೆ ಬಂದು ಹೋಗುವ ಮಗನೋ ಮಗಳೋ ಸಾಲದು. ದಿನವೂ ಅಂಗಡಿಯಲ್ಲಿರುವವರು ಬೇಕು. ಅಂಥವರು ಸಿಗುವವರೆಗೆ ಏನನ್ನೂ ಕೊಳ್ಳಬೇಡಿ. ಮಾಡಿಸಿ ಬಿಟ್ಟ ಎಷ್ಟೋ ಅಂಗಡಿಗಳ ವೆಬ್‌ಸೈಟ್‌ಗಳಲ್ಲಿ ಇಂದಿಗೂ ಐದು ವರ್ಷ ಹಿಂದಿನ ದೀಪಾವಳಿ ರಿಯಾಯಿತಿ ತೂಗಾಡುತ್ತಿದೆ.

ಮಾರಲು ಬಂದವರ ಬಾಯಲ್ಲಿ ಬರುವ ಪದಗಳು

ಚಾಟ್‌ಬಾಟ್ ಎಂದರೆ ಗಿರಾಕಿ ಬರೆದು ಕೇಳಿದ್ದಕ್ಕೆ ಮನುಷ್ಯರ ಬದಲು ತಂತ್ರಾಂಶವೇ ಉತ್ತರಿಸುವ ವ್ಯವಸ್ಥೆ. ಇದರಲ್ಲಿ ಎರಡು ಜಾತಿ: "1 ಒತ್ತಿ, 2 ಒತ್ತಿ" ಎಂದು ನೀವು ಬರೆದಿಟ್ಟ ಉತ್ತರವನ್ನೇ ಕೊಡುವುದು ಒಂದು, ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಳಸಿ ವಾಕ್ಯವನ್ನು ತಾನೇ ರಚಿಸುವುದು ಇನ್ನೊಂದು. ಎರಡನೆಯದು ಚೆಂದ ಮಾತನಾಡುತ್ತದೆ, ಒಮ್ಮೊಮ್ಮೆ ಇಲ್ಲದ್ದನ್ನೂ ಹೇಳುತ್ತದೆ.

ಎಪಿಐ ಎಂದರೆ ಎರಡು ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾಹಿತಿ ಕೊಟ್ಟುಕೊಳ್ಳುವ ಕಿಂಡಿ. "ವಾಟ್ಸ್ಆ್ಯಪ್ ಎಪಿಐ" ಎಂದು ಯಾರಾದರೂ ಹೇಳಿದರೆ, ನೀವು ಕಳುಹಿಸುವ ಹಲವು ಬಗೆಯ ಸಂದೇಶಗಳಿಗೆ ಒಂದೊಂದಕ್ಕೂ ದರ ಬೀಳುತ್ತದೆ ಎಂದು ತಿಳಿಯಿರಿ. ಉಚಿತವಾಗಿ ಸಿಗುವ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಬೇರೆ, ಇದು ಬೇರೆ.

ಎಆರ್ ಎಂದರೆ ಕ್ಯಾಮೆರಾದಲ್ಲಿ ಕಾಣುವ ದೃಶ್ಯದ ಮೇಲೆ ಇಲ್ಲದ ವಸ್ತುವನ್ನು ಇದ್ದಂತೆ ತೋರಿಸುವುದು: ನಿಮ್ಮ ಮುಖಕ್ಕೆ ಕನ್ನಡಕ, ನಿಮ್ಮ ಗೋಡೆಗೆ ಬಣ್ಣ. ಸಬ್‌ಸ್ಕ್ರಿಪ್ಷನ್ ಎಂದರೆ ಸಾಫ್ಟ್‌ವೇರ್ ನಿಮ್ಮದಾಗುವುದಿಲ್ಲ, ಬಾಡಿಗೆ ಕಟ್ಟುವಷ್ಟು ದಿನ ನಡೆಯುತ್ತದೆ ಎಂದರ್ಥ.

ಹಂತ 1: ಗಲ್ಲಾ ಪಕ್ಕ ನೋಟ್‌ಬುಕ್ ಇಡಿ

ಎರಡು ವಾರ, ಗಿರಾಕಿಗಳು ಕೇಳುವ ಪ್ರತಿಯೊಂದು ಪ್ರಶ್ನೆಯನ್ನೂ ಬರೆಯಿರಿ. ಫೋನಿನಲ್ಲಿ ಕೇಳಿದ್ದು, ಬಾಗಿಲಲ್ಲಿ ನಿಂತು ಕೇಳಿದ್ದು, ವಾಟ್ಸ್ಆ್ಯಪ್‌ನಲ್ಲಿ ಧ್ವನಿಸಂದೇಶ ಕಳುಹಿಸಿ ಕೇಳಿದ್ದು ಎಲ್ಲವೂ ಬರಲಿ. ಕೇಳಿ ಏನೂ ಕೊಳ್ಳದೆ ಹೊರಟುಹೋದವರ ಮುಂದೆ ಒಂದು ಗುರುತು ಹಾಕಿ. ಈ ಗುರುತೇ ಮುಂದಿನ ಎಲ್ಲ ಹಂತಗಳಿಗೂ ಆಧಾರ. ಇದೊಂದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ಗಾಳಿಯಲ್ಲಿ ಗುದ್ದಿದಂತೆ.

ಒಂದು ಸೀರೆ ಅಂಗಡಿಯನ್ನೇ ತೆಗೆದುಕೊಳ್ಳಿ. ಯಜಮಾನರ ಮನಸ್ಸಿನಲ್ಲಿರುವುದು ಎಆರ್ ಕನ್ನಡಿ: ಗಿರಾಕಿ ಎದುರು ನಿಂತರೆ ಸೀರೆ ಉಟ್ಟಂತೆ ಕಾಣಬೇಕು. ನೋಟ್‌ಬುಕ್ಕಿನ ಪುಟಗಳಲ್ಲಿ ತುಂಬಿಕೊಳ್ಳುವುದು ಬೇರೆಯೇ: "ಬ್ಲೌಸ್ ಹೊಲಿದಾಯಿತೇ?" "ಕುಚ್ಚು ಕಟ್ಟಿ ಆಯಿತೇ? ಶುಕ್ರವಾರ ಗೃಹಪ್ರವೇಶ." "ಫಾಲ್ ಹಾಕಲು ಕೊಟ್ಟ ಹಸಿರು ಸೀರೆ ಎಲ್ಲಿ?" "ಭಾನುವಾರ ತೆರೆದಿರುತ್ತದೆಯೇ?" "ಮೊನ್ನೆ ಸ್ಟೇಟಸ್‌ನಲ್ಲಿ ಹಾಕಿದ್ದ ಮೈಸೂರು ಸಿಲ್ಕ್ ಇನ್ನೂ ಇದೆಯೇ?" ಸೀರೆ ಮೈಮೇಲೆ ಹೇಗೆ ಕಾಣುತ್ತದೆ ಎಂದು ಫೋನು ಮಾಡಿ ಕೇಳುವವರು ಯಾರೂ ಇಲ್ಲ. ಅಂಗಡಿಗೆ ಬಂದವರಿಗೆ ಸೆರಗನ್ನು ಹೆಗಲ ಮೇಲೆ ಹಾಕಿ, ನೆರಿಗೆ ಹಿಡಿದು ತೋರಿಸುವ ಸಿಬ್ಬಂದಿ ಇದ್ದೇ ಇದ್ದಾರೆ. ಅವರ ಕೈಚಳಕದ ಮುಂದೆ ಕನ್ನಡಿ ಸಪ್ಪೆ.

ಹೀಗಾಗಿ ಈ ಅಂಗಡಿಗೆ ಬೇಕಾಗಿರುವುದು ಎರಡೇ: ಹೊಲಿಗೆಗೆ ಕೊಟ್ಟ ಬಟ್ಟೆ ಯಾವ ಹಂತದಲ್ಲಿದೆ ಎಂದು ತಾನಾಗಿ ತಿಳಿಸುವ ಸಂದೇಶ, ಮತ್ತು ಯಾವ ಸೀರೆ ಖರ್ಚಾಯಿತು ಎಂಬ ಸರಿಯಾದ ದಾಸ್ತಾನು ಲೆಕ್ಕ. ಎರಡರಲ್ಲೂ ಥಳಕಿಲ್ಲ. ಉದ್ಘಾಟನೆಗೆ ಯಾರನ್ನೂ ಕರೆಯುವ ಹಾಗೂ ಇಲ್ಲ.

ಎಚ್ಚರಿಕೆ: ಬರೆಯುವ ಕೆಲಸವನ್ನು ಸಿಬ್ಬಂದಿಗೆ ವಹಿಸಿ, ಬೈಗುಳದ ಭಯ ಇಲ್ಲದಂತೆ ನೋಡಿಕೊಳ್ಳಿ. "ಇಷ್ಟು ಜನ ವಾಪಸ್ ಹೋದರೇ?" ಎಂದು ಮೊದಲ ದಿನವೇ ಗದರಿದರೆ ಎರಡನೇ ದಿನದಿಂದ ಪುಟ ಖಾಲಿ.

ಹಂತ 2: ಕಾಸು ಖರ್ಚಿಲ್ಲದ್ದನ್ನು ಮೊದಲು ಮುಗಿಸಿ

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿ ನೋಡಿ. ಸಮಯ ಸರಿಯಿದೆಯೇ? ಫೋನ್ ಸಂಖ್ಯೆ ಹಳೆಯ ಸ್ಥಿರ ದೂರವಾಣಿಯದ್ದೇ? ಗಣೇಶ ಹಬ್ಬಕ್ಕೆ ರಜೆ ಎಂದು ಹಾಕಿದ್ದೀರಾ? ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅದರಲ್ಲಿ ಸಮಯ, ರಜಾದಿನ, ಹತ್ತಾರು ಒಳ್ಳೆಯ ಫೋಟೊ ಹಾಕಿದರೆ "ತೆರೆದಿದೆಯೇ?" ಎಂಬ ಕರೆಗಳಲ್ಲಿ ದೊಡ್ಡ ಪಾಲು ಅಲ್ಲೇ ನಿಲ್ಲುತ್ತದೆ. ಇಲ್ಲಿ ನಾನು ಪದೇಪದೇ ಕಾಣುವ ತೊಡಕು ಒಂದಿದೆ. ಪ್ರೊಫೈಲ್ ಮಾಡಿಕೊಟ್ಟ ಹುಡುಗ ತನ್ನದೇ ಜಿಮೇಲ್ ಹಾಕಿ ಹೋಗಿರುತ್ತಾನೆ. ಆಮೇಲೆ ಬಾಗಿಲ ಮೇಲಿನ ಫಲಕ ನಿಮ್ಮದು, ಮ್ಯಾಪ್‌ನಲ್ಲಿರುವ ಅಂಗಡಿ ಅವನದು. ಒಡೆತನ ನಿಮ್ಮ ಇಮೇಲ್‌ಗೆ ಬರುವಂತೆ ಇಂದೇ ಮಾಡಿಸಿ.

ನಂತರ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್. ಮನೆಯವರ ಸಂಖ್ಯೆ ಬೇಡ, ಅಂಗಡಿಗೆಂದೇ ಒಂದು ಸಿಮ್ ತೆಗೆದುಕೊಳ್ಳಿ. ಸ್ವಾಗತ ಸಂದೇಶ, ಅಂಗಡಿ ಮುಚ್ಚಿದಾಗ ಹೋಗುವ ಉತ್ತರ, ವಿಳಾಸ, ಕ್ಯಾಟಲಾಗ್ ಎಲ್ಲವನ್ನೂ ಕನ್ನಡದಲ್ಲೇ ತುಂಬಿ. ಪದೇಪದೇ ಕೇಳುವ ಪ್ರಶ್ನೆಗಳ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡರೆ ಬೆರಳ ತುದಿಯಲ್ಲಿ ಕಳುಹಿಸಬಹುದು. ಮಿತಿ ತಿಳಿದಿರಲಿ: ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನ ಮಾತ್ರ, ಅದರಲ್ಲೂ ನಿಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ತಲಪುತ್ತದೆ. ಆದ್ದರಿಂದ ಬಿಲ್ ಕೊಡುವಾಗ "ಈ ಸಂಖ್ಯೆ ಸೇವ್ ಮಾಡಿಕೊಳ್ಳಿ" ಎಂದು ಹೇಳುವುದು ಯಾವ ಜಾಹೀರಾತಿಗೂ ಕಡಿಮೆಯಲ್ಲ.

ಹಣ ಪಾವತಿಯಾದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇಲ್ಲದಿದ್ದರೆ ಇದೇ ಹಂತದಲ್ಲಿ ಸೇರಿಸಿಕೊಳ್ಳಿ. ಅದಕ್ಕೆ ತಿಂಗಳ ಸಣ್ಣ ಬಾಡಿಗೆ ಬೀಳುತ್ತದೆ. ಆದರೆ ಗಿರಾಕಿ ಫೋನು ಎತ್ತಿ ತೋರಿಸಿದ ನಕಲಿ ಸ್ಕ್ರೀನ್‌ಶಾಟ್ ನಂಬಿ ಸಾಮಾನು ಕೊಡುವ ಪ್ರಮೇಯ ತಪ್ಪುತ್ತದೆ, "ಬಂತಾ ನೋಡಿ, ಬಂತಾ ನೋಡಿ" ಎಂದು ಗಿರಾಕಿ ಕಾಯುವುದೂ ತಪ್ಪುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಂದು ರೂಪಾಯಿ ಹಾಕಿ, ಹಣ ನಿಮ್ಮ ಖಾತೆಗೇ ಬರುತ್ತಿದೆಯೇ ನೋಡಿಕೊಳ್ಳಿ. ಕ್ಯೂಆರ್ ಚೀಟಿಯ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿಹೋಗುವ ಮೋಸ ಇನ್ನೂ ನಿಂತಿಲ್ಲ.

ಎಷ್ಟೋ ಅಂಗಡಿಗಳಿಗೆ ಇಲ್ಲಿಗೆ ಸಾಕು. ನೋಟ್‌ಬುಕ್ಕನ್ನು ಮತ್ತೆ ಎರಡು ವಾರ ಇಟ್ಟು ನೋಡಿ. ಪ್ರಶ್ನೆಗಳು ಅರ್ಧಕ್ಕಿಳಿದಿದ್ದರೆ ಮುಂದಿನ ಹಂತಕ್ಕೆ ಒಂದು ವರ್ಷ ಕಾಯಬಹುದು.

ಹಂತ 3: ತಂತ್ರಜ್ಞಾನವನ್ನು ನಿಮ್ಮ ವ್ಯಾಪಾರದ ಗುಣಕ್ಕೆ ತಾಳೆ ನೋಡಿ

ಒಂದೇ ಯಂತ್ರ ಒಂದು ಕಡೆ ವರ, ಇನ್ನೊಂದು ಕಡೆ ಶಾಪ. ದರ್ಶಿನಿ ಹೋಟೆಲಿನಲ್ಲಿ ಪರದೆ ಮುಟ್ಟಿ ಆರ್ಡರ್ ಮಾಡುವ ಯಂತ್ರ ಇಟ್ಟರೆ ಏನಾಗುತ್ತದೆ ಎಂದು ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. "ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ" ಎಂದು ಗಿರಾಕಿ ಹೇಳಿ ಮುಗಿಸುವಷ್ಟರಲ್ಲಿ ಗಲ್ಲಾದವರು ಚೀಟಿ ಹರಿದು ಚಿಲ್ಲರೆ ಕೊಟ್ಟಿರುತ್ತಾರೆ. ಯಂತ್ರದ ಮುಂದೆ ನಿಂತವರು ಇನ್ನೂ ಇಡ್ಲಿಯ ಚಿತ್ರ ಹುಡುಕುತ್ತಿರುತ್ತಾರೆ, ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಅದೇ ಯಂತ್ರ ಸಿನಿಮಾ ಮಂದಿರದ ತಿಂಡಿ ಕೌಂಟರಿನಲ್ಲಿ ಹೊಂದಬಹುದು, ಏಕೆಂದರೆ ಅಲ್ಲಿ ಪಟ್ಟಿ ಉದ್ದ, ಆಯ್ಕೆ ಹೆಚ್ಚು, ಬಂದವರಿಗೆ ತಿಂಡಿಗಳ ಹೆಸರೇ ಹೊಸದು. ದರ್ಶಿನಿ ಎಂಬ ಪದ್ಧತಿಯೇ 1980ರ ದಶಕದಲ್ಲಿ ಬೆಂಗಳೂರಿನವರು ಗಿರಾಕಿಗಾಗಿ ಕಂಡುಕೊಂಡ ಹೊಸತನ. ಅದರಲ್ಲಿ ಯಂತ್ರವೇ ಇರಲಿಲ್ಲ, ಕುರ್ಚಿಯನ್ನೂ ಮಾಣಿಯನ್ನೂ ತೆಗೆದರು, ಅಷ್ಟೇ.

ಎಆರ್ ವಿಷಯವೂ ಹಾಗೆಯೇ. ಟೈಲ್ಸ್, ಬಣ್ಣ, ಸೋಫಾ ಮಾರುವವರಿಗೆ ಅದು ನಿಜಕ್ಕೂ ಉಪಯೋಗಿ. ಎಂಟು ಅಂಗುಲದ ತುಂಡು ನೋಡಿ ಇಡೀ ಹಜಾರ ಹೇಗೆ ಕಂಡೀತು ಎಂದು ಊಹಿಸುವುದು ಯಾರಿಗೂ ಸುಲಭವಲ್ಲ. ತಪ್ಪು ಆಯ್ಕೆಯಾದರೆ ಕಿತ್ತುಹಾಕಬೇಕು. ಇಂಥ ಕಡೆ ಹಣ ಹಾಕಿ. ಮುಟ್ಟಿ, ಹಿಂಡಿ, ಮೂಸಿ ಕೊಳ್ಳುವ ವಸ್ತುಗಳಿಗೆ ಬೇಡ.

ಸ್ವಂತ ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ವರ್ಷಕ್ಕೆ ನಾಲ್ಕು ಸಲ ಬರುವ ಗಿರಾಕಿ ನಿಮ್ಮ ಅಂಗಡಿಯ ಆ್ಯಪ್‌ಗೆ ಫೋನಿನಲ್ಲಿ ಜಾಗ ಕೊಡುವುದಿಲ್ಲ. ಮೊಮ್ಮಗುವಿನ ವಿಡಿಯೊಗೇ ಜಾಗವಿಲ್ಲ ಎಂದು ಫೋಟೊ ಅಳಿಸುವ ಕಾಲ ಇದು. ವಾರಕ್ಕೆರಡು ಸಲ ಕೊಳ್ಳುವ ಹಾಲು, ತರಕಾರಿ, ಔಷಧದ ವ್ಯಾಪಾರ, ಅದೂ ಹಲವು ಶಾಖೆಗಳಿದ್ದರೆ ಮಾತ್ರ ಆ್ಯಪ್ ಕುರಿತು ಯೋಚಿಸಿ. ಉಳಿದವರು ಆ ಹಣವನ್ನು ದಾಸ್ತಾನು ಲೆಕ್ಕ ಸರಿಪಡಿಸಲು ಬಳಸಲಿ.

ಹಂತ 4: ಲೆಕ್ಕ ಹಾಕಿ

ಸೀರೆ ಅಂಗಡಿಗೇ ಮರಳೋಣ. ಅಂಕಿಗಳು ಉದಾಹರಣೆಗಷ್ಟೇ, ನಿಮ್ಮವನ್ನು ಹಾಕಿಕೊಳ್ಳಿ.

"ಆಯಿತೇ?" ಎಂಬ ಕರೆಗಳು ದಿನಕ್ಕೆ 20, ಒಂದೊಂದಕ್ಕೆ 3 ನಿಮಿಷ. ದಿನಕ್ಕೆ ಒಂದು ಗಂಟೆ, 26 ಕೆಲಸದ ದಿನಗಳಿಗೆ 26 ಗಂಟೆ. ತಿಂಗಳಿಗೆ 15,000 ರೂಪಾಯಿ ಸಂಬಳದ ಸಿಬ್ಬಂದಿ ದಿನಕ್ಕೆ 9 ಗಂಟೆ ಕೆಲಸ ಮಾಡಿದರೆ ಗಂಟೆಗೆ ಸುಮಾರು 64 ರೂಪಾಯಿ. 26 ಗಂಟೆಗೆ ಸುಮಾರು 1,670 ರೂಪಾಯಿ. ತಾನಾಗಿ ಸಂದೇಶ ಕಳುಹಿಸುವ ವ್ಯವಸ್ಥೆಗೆ ಮಾರಲು ಬಂದವರು ಹೇಳುವ ದರ ತಿಂಗಳಿಗೆ 3,000 ರೂಪಾಯಿ ಎಂದುಕೊಳ್ಳೋಣ. "ನಿಮ್ಮ ಸಿಬ್ಬಂದಿಯ ಸಮಯ ಉಳಿಯುತ್ತದೆ" ಎಂಬ ಮಾತೊಂದನ್ನೇ ನಂಬಿದರೆ ತಿಂಗಳಿಗೆ 1,330 ರೂಪಾಯಿ ಕೈಬಿಡುತ್ತದೆ.

ಹಾಗಾದರೆ ಬೇಡವೇ? ನೋಟ್‌ಬುಕ್ಕಿನ ಗುರುತುಗಳನ್ನು ನೋಡಿ. ಫೋನಿನಲ್ಲಿ ಮಾತನಾಡುತ್ತಿದ್ದಾಗ ಎದುರು ನಿಂತು ಬೇಸತ್ತು ಹೋದವರು ಎಷ್ಟು? 4,000 ರೂಪಾಯಿಯ ಸೀರೆಯಲ್ಲಿ ನಿಮಗೆ 800 ರೂಪಾಯಿ ಉಳಿಯುತ್ತದೆ ಎಂದಾದರೆ, ತಿಂಗಳಿಗೆ ಅಂಥ ಇಬ್ಬರು ಉಳಿದರೂ ಆ ಕೊರತೆ ತುಂಬುತ್ತದೆ. ತಂತ್ರಜ್ಞಾನದ ಲಾಭ ಬಹುತೇಕ ಸಲ ಇರುವುದು ಇಲ್ಲಿ, ಸಂಬಳದ ಉಳಿತಾಯದಲ್ಲಿ ಅಲ್ಲ. ಅದಕ್ಕೇ ಮೊದಲ ಹಂತದಲ್ಲಿ ಗುರುತು ಹಾಕಿ ಎಂದದ್ದು.

ಲೆಕ್ಕದಲ್ಲಿ ಜನ ಬಿಟ್ಟುಬಿಡುವ ಖರ್ಚುಗಳೂ ಇವೆ: ಆರಂಭದ ಶುಲ್ಕ, ಪ್ರತಿ ಸಂದೇಶದ ದರ, ಜಿಎಸ್‌ಟಿ, ಸಿಬ್ಬಂದಿ ಬದಲಾದಾಗಲೆಲ್ಲ ಮತ್ತೆ ಕಲಿಸುವ ಸಮಯ, ಎರಡನೇ ವರ್ಷ ಏರುವ ಬಾಡಿಗೆ. "ಎರಡನೇ ವರ್ಷಕ್ಕೆ ಎಷ್ಟು?" ಎಂದು ಕೇಳಿ, ಬರೆಸಿಕೊಳ್ಳಿ.

ಹಂತ 5: ಡೆಮೊ ನಿಮ್ಮ ಪ್ರಶ್ನೆಗಳಿಂದ ನಡೆಯಲಿ

ಮಾರಲು ಬಂದವರು ತಮ್ಮ ಲ್ಯಾಪ್‌ಟಾಪಿನಲ್ಲಿ ತೋರಿಸುವ ಪ್ರದರ್ಶನ ಎಂದೂ ಎಡವುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು, ನೋಟ್‌ಬುಕ್ಕಿನಿಂದ ಇಪ್ಪತ್ತು ಪ್ರಶ್ನೆ ಆಯ್ದು, ನಿಮ್ಮ ಫೋನಿನಿಂದ ಕೇಳಿ. ಕೆಲವನ್ನು ಕನ್ನಡ ಅಕ್ಷರದಲ್ಲಿ, ಕೆಲವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ಕೇಳಿ. ನಮ್ಮವರಲ್ಲಿ ತುಂಬ ಜನ ಬರೆಯುವುದೇ ಹಾಗೆ. ಕೆಲವನ್ನು ಧ್ವನಿಸಂದೇಶವಾಗಿ, ಹಿಂದೆ ಬಸ್ ಹಾರ್ನ್ ಕೇಳುತ್ತಿರುವಾಗ ಕಳುಹಿಸಿ. ಕಲಬುರಗಿಯ ಅಂಗಡಿಯಾದರೆ ಅಲ್ಲಿನವರ ಮಾತಿನಲ್ಲಿ, ಕುಂದಾಪುರದ್ದಾದರೆ ಅಲ್ಲಿನವರ ಮಾತಿನಲ್ಲಿ ಕೇಳಿಸಿ. ಪಠ್ಯಪುಸ್ತಕದ ಕನ್ನಡಕ್ಕೆ ಸರಾಗವಾಗಿ ಉತ್ತರಿಸುವ ಚಾಟ್‌ಬಾಟ್ ಇಲ್ಲಿ ತಡವರಿಸುವುದನ್ನು ನೋಡಬಹುದು.

ಒಂದು ಪ್ರಶ್ನೆ ಸಿಟ್ಟಿನದಾಗಿರಲಿ: "ಮದುವೆ ನಾಳೆ, ಬ್ಲೌಸ್ ಇನ್ನೂ ಕೊಟ್ಟಿಲ್ಲ." ಅದಕ್ಕೆ ಚಾಟ್‌ಬಾಟ್ ಸಮಾಧಾನದ ವಾಕ್ಯ ಬರೆಯುತ್ತದೆಯೋ, ಕೂಡಲೇ ಮನುಷ್ಯರಿಗೆ ದಾಟಿಸುತ್ತದೆಯೋ? ದಾಟಿಸದಿದ್ದರೆ ಕೊಳ್ಳಬೇಡಿ.

ಎಐ ಚಾಟ್‌ಬಾಟ್ ಹೇಳಿದ ಮಾತಿಗೆ ಹೊಣೆ ನೀವೇ. ಕೆನಡಾದ ವಿಮಾನಯಾನ ಸಂಸ್ಥೆ ಏರ್ ಕೆನಡಾದ ಚಾಟ್‌ಬಾಟ್, ಬಂಧುವಿನ ಸಾವಿಗೆ ಹೊರಟ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರ ಎಂಬ ಧಾಟಿಯ ಸಂಸ್ಥೆಯ ವಾದವನ್ನು ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಪರಿಹಾರ ಕೊಡಲು ಹೇಳಿತು. ನಿಮ್ಮ ಚಾಟ್‌ಬಾಟ್ "ಕೊಂಡ ಸೀರೆಯನ್ನು ಹದಿನೈದು ದಿನದಲ್ಲಿ ಹಿಂದಿರುಗಿಸಬಹುದು" ಎಂದು ತಾನಾಗಿ ಬರೆದುಬಿಟ್ಟರೆ, ಗಿರಾಕಿ ಫೋನು ಹಿಡಿದು ಬಂದು ನಿಲ್ಲುವುದು ನಿಮ್ಮ ಗಲ್ಲಾ ಮುಂದೆ. ಬೆಲೆ, ವಾಪಸಾತಿ, ಗ್ಯಾರಂಟಿ ಈ ಮೂರರ ಬಗ್ಗೆ ಎಐ ತಾನಾಗಿ ವಾಕ್ಯ ರಚಿಸದಂತೆ, ನೀವು ಬರೆದುಕೊಟ್ಟ ಉತ್ತರವನ್ನಷ್ಟೇ ಕೊಡುವಂತೆ ಕಟ್ಟಿಹಾಕಿಸಿ.

ದೊಡ್ಡವರೂ ಹಿಂದೆ ಸರಿದಿದ್ದಾರೆ ಎಂಬುದು ಗೊತ್ತಿರಲಿ, ಮಾರಾಟಗಾರರು ಅದನ್ನು ಹೇಳುವುದಿಲ್ಲ. ವಾಹನದಲ್ಲೇ ಕುಳಿತು ಹೇಳಿದ ಆರ್ಡರನ್ನು ಎಐ ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಮೆಕ್‌ಡೊನಾಲ್ಡ್ಸ್ ಐಬಿಎಂ ಜೊತೆ ಸೇರಿ ಅಮೆರಿಕದ ನೂರಕ್ಕೂ ಹೆಚ್ಚು ಮಳಿಗೆಗಳಲ್ಲಿ ಪರೀಕ್ಷಿಸಿ, 2024ರಲ್ಲಿ ನಿಲ್ಲಿಸಿತು. ಸ್ವೀಡನ್ನಿನ ಪಾವತಿ ಸಂಸ್ಥೆ ಕ್ಲಾರ್ನಾ ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು 2024ರಲ್ಲಿ ಹೇಳಿಕೊಂಡಿತು. ಮರುವರ್ಷ, ಗ್ರಾಹಕರಿಗೆ ಮನುಷ್ಯರೊಡನೆ ಮಾತನಾಡುವ ಅವಕಾಶ ಇರಲೇಬೇಕು ಎಂದು ಮತ್ತೆ ಜನರನ್ನು ತೆಗೆದುಕೊಳ್ಳತೊಡಗಿತು. ಅವರಿಗೆ ಪ್ರಯೋಗದ ನಷ್ಟ ತಡೆದುಕೊಳ್ಳುವ ಶಕ್ತಿಯಿದೆ. ನಿಮಗೆ ಅವರ ಪ್ರಯೋಗದ ಫಲಿತಾಂಶ ಪುಕ್ಕಟೆ ಸಿಗುತ್ತದೆ.

ಹಂತ 6: ಕರಾರಿನಲ್ಲಿ ನಾಲ್ಕು ವಾಕ್ಯ ಬರೆಸಿ

ವಾಟ್ಸ್ಆ್ಯಪ್ ಸಂಖ್ಯೆ, ವೆಬ್‌ಸೈಟಿನ ವಿಳಾಸ, ಗೂಗಲ್ ಪ್ರೊಫೈಲ್ ಮೂರೂ ಅಂಗಡಿಯ ಹೆಸರಿನಲ್ಲಿರತಕ್ಕದ್ದು. ಗಿರಾಕಿಗಳ ಪಟ್ಟಿಯನ್ನೂ ಹಳೆಯ ವ್ಯವಹಾರವನ್ನೂ ಕೇಳಿದಾಗ ಎಕ್ಸೆಲ್ ಕಡತದಲ್ಲಿ ಕೊಡತಕ್ಕದ್ದು. ಒಂದು ತಿಂಗಳ ಮುನ್ಸೂಚನೆ ಕೊಟ್ಟು ನಿಲ್ಲಿಸುವ ಹಕ್ಕು ಅಂಗಡಿಗಿರತಕ್ಕದ್ದು. ಗಿರಾಕಿಗಳ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡತಕ್ಕದ್ದಲ್ಲ.

"ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ಅರ್ಧ ಬೆಲೆ" ಎಂಬ ಆಮಿಷ ಬಂದೇ ಬರುತ್ತದೆ. ಒಪ್ಪಬೇಡಿ. ಮೂರು ವರ್ಷದಲ್ಲಿ ತಂತ್ರಜ್ಞಾನ ಬದಲಾಗುತ್ತದೆ, ಆ ಕಂಪನಿಯೇ ಇಲ್ಲದಿರಲೂಬಹುದು.

ಹಂತ 7: ಗಿರಾಕಿಯ ಮಾಹಿತಿ, ತೆರಿಗೆ

ಬಿಲ್ ಮಾಡಲು ಮೊಬೈಲ್ ಸಂಖ್ಯೆ ಕೊಡಲೇಬೇಕು ಎಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚಿಸಿದೆ. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳ ಪಾಲನೆಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಏಕೆ ಬೇಕು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ತಿಳಿವಳಿಕೆ ಕನ್ನಡದಲ್ಲೂ ಸಿಗುವಂತಿರಬೇಕು, ಒಪ್ಪಿಗೆ ಹಿಂದಕ್ಕೆ ಪಡೆಯುವ ದಾರಿಯಿರಬೇಕು. ಮಾಹಿತಿ ಸೋರದಂತೆ ತಕ್ಕ ಭದ್ರತೆ ಇಟ್ಟುಕೊಳ್ಳದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಣ್ಣ ಅಂಗಡಿಗೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಕಾಗದದ ಪುಸ್ತಕದಲ್ಲಿದ್ದ ಸಂಖ್ಯೆಗಳು ಕಂಪ್ಯೂಟರಿಗೆ ಹೋದ ದಿನದಿಂದ ನೀವು ಈ ಕಾಯ್ದೆಯೊಳಗೆ ಬರುತ್ತೀರಿ. ಹೆಸರು, ಸಂಖ್ಯೆ, ಕೊಂಡದ್ದೇನು ಎಂಬುದಷ್ಟೇ ಸಾಕು. ಹುಟ್ಟಿದ ದಿನ, ಮನೆ ವಿಳಾಸ, ಆಧಾರ್ ಪ್ರತಿ ಸಂಗ್ರಹಿಸುವ ಚಟ ಬೇಡ.

ತೆರಿಗೆಯ ಮಾತು ಬಂದರೆ 2025ರ ಜುಲೈ ನೆನಪಾಗುತ್ತದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ಆತಂಕ ಅರ್ಥವಾಗುವಂಥದ್ದೇ, ಆದರೆ ಕ್ಯೂಆರ್ ಕಿತ್ತುಹಾಕುವುದು ಮದ್ದಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಹಣ ನಗದಾಗಿ ಬಂದರೂ ಯುಪಿಐನಲ್ಲಿ ಬಂದರೂ ಮಿತಿ ಅದೇ. ಸ್ಥಾಪಿತ ವ್ಯಾಪಾರಗಳಲ್ಲಿ ಹೆಚ್ಚಿನವು ಈಗಾಗಲೇ ನೋಂದಣಿಯಾಗಿರುತ್ತವೆ. ಆಗದಿದ್ದರೆ, ಹೊಸ ಪಾವತಿ ವ್ಯವಸ್ಥೆ ತರುವ ಮುನ್ನ ಲೆಕ್ಕಪರಿಶೋಧಕರ ಆ ಒಂದು ಗಂಟೆಯನ್ನು ಇದಕ್ಕೇ ಬಳಸಿ. ಮನೆ ಖರ್ಚಿನ, ಕೈಸಾಲದ ಹಣ ಅಂಗಡಿಯ ಕ್ಯೂಆರ್‌ಗೆ ಬರದಂತೆ ಖಾತೆ ಬೇರೆ ಮಾಡಿ. ಆ ನೋಟಿಸುಗಳಿಗೆ ಉತ್ತರ ಬರೆಯಲು ಕುಳಿತವರಿಗೆ ಯಾವುದು ವ್ಯಾಪಾರದ ಹಣ, ಯಾವುದು ಭಾವಮೈದುನ ವಾಪಸ್ ಕೊಟ್ಟ ಸಾಲ ಎಂದು ಬಿಡಿಸುವುದೇ ದೊಡ್ಡ ಕೆಲಸವಾಗಿತ್ತು.

ಹಂತ 8: ಸೀಸನ್ ನೋಡಿ ಆರಂಭಿಸಿ

ವರಮಹಾಲಕ್ಷ್ಮಿ ಹಬ್ಬದ ವಾರ ಹೊಸ ಬಿಲ್ಲಿಂಗ್ ವ್ಯವಸ್ಥೆ ಆರಂಭಿಸುವವರನ್ನು ನೋಡಿದರೆ ಕನಿಕರವಾಗುತ್ತದೆ. ಮದುವೆಗಳಿಲ್ಲದ ಆಷಾಢ ಸೂಕ್ತ. ಆಷಾಢದ ರಿಯಾಯಿತಿ ಮಾರಾಟ ಇಟ್ಟುಕೊಳ್ಳುವ ಅಂಗಡಿಯಾದರೆ ಧನುರ್ಮಾಸ ಆಗಬಹುದು. ಹೋಟೆಲಿನವರಿಗೆ ಹತ್ತಿರದ ಕಾಲೇಜಿನ ರಜೆ, ಹಾರ್ಡ್‌ವೇರ್‌ನವರಿಗೆ ಕಟ್ಟಡ ಕೆಲಸ ನಿಧಾನವಾಗುವ ಮಳೆಗಾಲ.

ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ಸೀರೆ ಅಂಗಡಿಯಾದರೆ ಮೊದಲ ತಿಂಗಳು ಕುಚ್ಚಿನ ಕೆಲಸಕ್ಕಷ್ಟೇ ಸಂದೇಶ ಹೋಗಲಿ. ಹಳೆಯ ಚೀಟಿ ಪದ್ಧತಿ ಜೊತೆಯಲ್ಲೇ ನಡೆಯಲಿ. ಟೈಲರಿಗೂ ಕುಚ್ಚು ಕಟ್ಟುವ ಹೆಣ್ಣುಮಕ್ಕಳಿಗೂ ಇದು ಗೊತ್ತಿರಬೇಕು. ಅವರು ಕೆಲಸ ಮುಗಿಸಿ "ಆಯಿತು" ಎಂದು ಗುರುತು ಮಾಡದಿದ್ದರೆ ಗಿರಾಕಿಗೆ ಹೋಗುವ ಸಂದೇಶ ಸುಳ್ಳಾಗುತ್ತದೆ. ಸುಳ್ಳು ಸಂದೇಶ, ಸಂದೇಶ ಇಲ್ಲದ್ದಕ್ಕಿಂತ ಕೆಟ್ಟದ್ದು. ತಿಪಟೂರಿನಿಂದ ಬಸ್ ಹತ್ತಿ ಬಂದವರಿಗೆ ಸೀರೆ ಸಿದ್ಧವಿಲ್ಲ ಎಂದು ಹೇಳಿ ನೋಡಿ, ಗೊತ್ತಾಗುತ್ತದೆ.

ಯಂತ್ರ ನಿಂತರೆ ಏನು ಮಾಡಬೇಕು ಎಂಬುದನ್ನೂ ಸಿಬ್ಬಂದಿಗೆ ಹೇಳಿಕೊಡಿ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೈಕೊಟ್ಟಿತ್ತು. ಗಲ್ಲಾದಲ್ಲಿ ಚಿಲ್ಲರೆ, ಮೇಜಿನ ಮೇಲೆ ಬಿಲ್ ಪುಸ್ತಕ, ಹಳೆಯ ಗಿರಾಕಿಯಾದರೆ ಉದ್ರಿ ಬರೆದುಕೊಳ್ಳುವ ಅಧಿಕಾರ ಈ ಮೂರೂ ಕೌಂಟರಿನಲ್ಲಿರುವವರ ಕೈಯಲ್ಲಿರಲಿ. ಕ್ಯೂಆರ್ ಮೆನು ಇಟ್ಟ ಹೋಟೆಲಿನವರು ಮುದ್ರಿತ ಮೆನುವನ್ನು ಕೇಳುವ ಮೊದಲೇ ಕೊಡಬೇಕು. ಕನ್ನಡಕ ಮರೆತು ಬಂದ ಹಿರಿಯರು ಮೊಮ್ಮಕ್ಕಳ ಮುಂದೆ "ನನಗೆ ಇದು ಬರುವುದಿಲ್ಲ" ಎಂದು ಹೇಳುವ ಸ್ಥಿತಿ ತರಬಾರದು.

ಹಂತ 9: ನಿಲ್ಲಿಸುವ ದಿನವನ್ನು ಆರಂಭದಲ್ಲೇ ಬರೆದಿಡಿ

ಮೂರು ತಿಂಗಳ ನಂತರದ ಒಂದು ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದರ ಪಕ್ಕ ಒಂದೇ ಒಂದು ಅಂಕಿ ಬರೆಯಿರಿ: "ಕುಚ್ಚಿನ ಕರೆಗಳು ದಿನಕ್ಕೆ 10ರಿಂದ 4ಕ್ಕೆ ಇಳಿಯಬೇಕು" ಎಂಬಂಥದ್ದು. "ಗಿರಾಕಿಗಳಿಗೆ ಖುಷಿಯಾಗಬೇಕು" ಎಂದು ಬರೆದರೆ ಅಳೆಯಲು ಬರುವುದಿಲ್ಲ. ಆ ವಾರ ನೋಟ್‌ಬುಕ್ಕನ್ನು ಮತ್ತೆ ಗಲ್ಲಾ ಪಕ್ಕ ಇಡಿ.

ಅಂಕಿ ತಲಪಿದರೆ ಫಾಲ್, ಬ್ಲೌಸ್ ಕೆಲಸಕ್ಕೂ ವಿಸ್ತರಿಸಿ. ಹತ್ತಿರ ಬಂದು ನಿಂತಿದ್ದರೆ ಇನ್ನೊಂದು ತಿಂಗಳು ಕೊಡಿ, ಎರಡಲ್ಲ. ತಲಪದಿದ್ದರೆ ಮೊದಲು ಗಿರಾಕಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡು, ಅದು ತೆರೆಯುತ್ತದೆಯೇ, ಕನ್ನಡದ ಹೆಸರುಗಳು ಸರಿಯಾಗಿ ಕಾಣುತ್ತವೆಯೇ ನೋಡಿಕೊಳ್ಳಿ. ಆಮೇಲೆ ಇಮೇಲ್ ಮೂಲಕ ಮುನ್ಸೂಚನೆ ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ನೀವೇ ರದ್ದು ಮಾಡಿ, ಮಾರಿದವರು ಮಾಡುತ್ತಾರೆ ಎಂದು ಕಾಯಬೇಡಿ. ಸಂದೇಶ ಬರುವುದನ್ನು ರೂಢಿ ಮಾಡಿಕೊಂಡ ಗಿರಾಕಿಗಳಿಗೆ "ಇನ್ನು ಮುಂದೆ ಫೋನ್ ಮಾಡಿ ಕೇಳಿ" ಎಂದು ಕೊನೆಯದೊಂದು ಸಂದೇಶ ಕಳುಹಿಸಿದ ಮೇಲೆ ಮುಚ್ಚಿ.